ಮೇಲಿನ ಹನ್ನೆರಡು ಮನೆಗಳು

ಫೆಬ್ರವರಿ 4

ತಮ್ಮಾ,

ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ನೀನೂ ಇದ್ದೀಯ ಅಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನ್ ಯಾಕೆ ಮಾಡಲಿಲ್ಲ ಅನ್ನಬೇಡ. ಈಗಿನ ಫೋನುಗಳಲ್ಲಿ ಎಲ್ಲರೂ ಬಾಯಿಗೆ ಬಟ್ಟೆ ತುರುಕಿಕೊಂಡು ಮಾತಾಡಿದ ಹಾಗಿರುತ್ತದೆ. ಹೋದ ಸಲ ನೀನು ಅಷ್ಟು ಹೊತ್ತು ಮಾತಾಡಿದೆ, ನಾನು ಅಷ್ಟು ಹೊತ್ತೂ ಹೂಂ ಅಂದೆ. ಕೊನೆಗೆ ನೀನು ಮನೆ ಬದಲಾಯಿಸಿದ್ದು ನಿಮ್ಮ ಭಾವ ಹೇಳಿಯೇ ನನಗೆ ಗೊತ್ತಾಗಬೇಕಾಯಿತು. ಕಾಗದವೇ ವಾಸಿ.

ನಮ್ಮ ಸ್ಕೇಟಿಂಗ್ ಹಾಲ್ ಮತ್ತೆ ತೆರೆಯುತ್ತಿದೆ. ಇಷ್ಟು ವರ್ಷ ರಟ್ಟಿನ ಪೆಟ್ಟಿಗೆಗಳ ಗೋದಾಮಾಗಿತ್ತಲ್ಲ, ಅವರು ಖಾಲಿ ಮಾಡಿದ್ದಾರೆ, ಹೊಸ ಮಾಲೀಕ ಬಂದಿದ್ದಾನೆ. ಸುದ್ದಿ ಸಿಕ್ಕ ದಿನವೇ, ಯಾರೂ ಕರೆಯದಿದ್ದರೂ, ಹೋದೆ. ನೆಲದ ಹಲಗೆ ಕಿತ್ತು ಹೊಸದು ಹಾಕುತ್ತಿದ್ದರು. ನಾನು ಯಾರ ಮುಖವನ್ನೂ ನೋಡದೆ ಆ ಕಡಿದಾದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋಗಿ ಟಾರ್ಪಾಲು ಎತ್ತಿದೆ. ಇತ್ತು ಕಣೋ. ಜನ ಸ್ಕೇಟ್ ಮಾಡುವಾಗೆಲ್ಲ ನಾನು ನುಡಿಸಿದ ಆರ್ಗನ್, ನೀನು ಎಣ್ಣೆ ಹಾಕಿದ ಆರ್ಗನ್. ಬೆರಳಲ್ಲಿ ಒತ್ತುವ ಎರಡು ಸಾಲು ಕರಿ-ಬಿಳಿ ಮನೆಗಳೂ ಇದ್ದವು, ಕೆಳಗೆ ಕಾಲಿನ ಪೆಡಲುಗಳೂ ಇದ್ದವು, ಬೆಂಚಿಗೆ ಒಂದು ಕಾಲು ಮಾತ್ರ ಇರಲಿಲ್ಲ. ಹಿಂದಿನ ಹಲಗೆ ಸರಿಸಿದರೆ ಒಳಗೆ ಇಲಿಗಳು ಸಂಸಾರ ಹೂಡಿ, ಮಕ್ಕಳು ಮರಿ ಮಾಡಿ, ಬಿಟ್ಟು ಹೋಗಿದ್ದವು.

ಮಾಲೀಕನಿಗೆ ನಾನು ಇಟ್ಟಿರುವ ಹೆಸರು ಗಡುವಪ್ಪ. ಅವನ ಬಾಯಿಂದ ತಾರೀಖಿಲ್ಲದ ಮಾತೇ ಬರುವುದಿಲ್ಲ. "ಅಮ್ಮಾ, ಜೂನ್ ಮೊದಲನೇ ಭಾನುವಾರ ಓಪನಿಂಗ್. ಅಷ್ಟರೊಳಗೆ ಇದು ಹಾಡಿದ್ರೆ ನೀವೇ ನುಡಿಸಿ, ಕೆಲಸ ನಿಮ್ದೇ. ಹಾಡ್ಲಿಲ್ಲ ಅಂದ್ರೆ ಸೋಮವಾರ ಗುಜರಿಯವನು ಬರ್ತಾನೆ, ಅಟ್ಟದಲ್ಲಿ ದೊಡ್ಡ ಸ್ಪೀಕರ್ ಕೂರಿಸ್ತೀನಿ" ಅಂದ. ಆಗಲಿ ಅಂತ ಕೈ ಚಾಚಿ ಅಟ್ಟದ ಬೀಗದ ಕೈ ಇಸಿದುಕೊಂಡು ಬಂದೆ.

ನಿನಗೆ ಗೊತ್ತಲ್ಲ, ಹಾಲ್ ಮುಚ್ಚಿದ ಮೇಲೆ ನಾನು ಒಂದು ಕಡೆ ಕೂತವಳಲ್ಲ. ಮಕ್ಕಳಿಗೆ ಪಾಠ ಹೇಳಿದೆ, ಬಿಟ್ಟೆ. ಹೊಲಿಗೆ ಹಿಡಿದೆ, ಅದನ್ನೂ ಬಿಟ್ಟೆ. ಕಪಾಟು ಖಾಲಿ ಮಾಡುತ್ತೇನೆ, ಅದೇ ಸಾಮಾನನ್ನು ಅದೇ ಕಪಾಟಿನಲ್ಲಿ ಮತ್ತೆ ಜೋಡಿಸುತ್ತೇನೆ. ನಿಮ್ಮ ಭಾವ "ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ" ಅನ್ನುತ್ತಾರೆ. ನನಗೆ ಆ ಬೆಂಚಿನ ಮೇಲೆ ಕೂರಬೇಕು. ಅಲ್ಲಿ ಕೂತರೆ ಮಾತ್ರ ನನಗೆ ಕೂತ ಹಾಗೆ ಅನ್ನಿಸುವುದು. ಮೊದಲು ಏನು ಮಾಡಲಿ, ಬೇಗ ಬರೆ.

ನಿನ್ನ ಅಕ್ಕ

* * *

ಫೆಬ್ರವರಿ 13

ಅಕ್ಕಾ,

ಮೊದಲು ಪ್ಲಗ್ ಹಾಕಬೇಡ. ಈ ಕಾಗದ ನಿನ್ನ ಕೈ ಸೇರುವ ಮೊದಲೇ ಹಾಕಿರುತ್ತೀಯ ಅಂತ ಗೊತ್ತು, ಆದರೂ ಬರೆದು ನನ್ನ ಕರ್ತವ್ಯ ಮುಗಿಸುತ್ತೇನೆ.

ಬರಲು ನನಗೂ ಆಸೆ. ಆದರೆ ಇಲ್ಲಿ ಆಸ್ಪತ್ರೆಯ ಹಳೆಯ ಲಿಫ್ಟುಗಳನ್ನು ಒಂದೊಂದಾಗಿ ಬಿಚ್ಚಿ ಹೊಸದು ಹಾಕುತ್ತಿದ್ದೇವೆ. ಒಂದು ನಿಂತರೆ ರೋಗಿಗಳು ಇನ್ನೊಂದರ ಮುಂದೆ ಸಾಲು ನಿಲ್ಲುತ್ತಾರೆ, ದಾದಿಯರು ನಮ್ಮನ್ನು ತಿಂದುಹಾಕುವ ಹಾಗೆ ನೋಡುತ್ತಾರೆ. ಕೆಲಸ ಮುಗಿಯುವ ತನಕ ರಜೆಯ ಮಾತೇ ಎತ್ತುವ ಹಾಗಿಲ್ಲ. ದಿನವಿಡೀ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದರೂ ನೆಲ ನಿಂತ ಹಾಗೆ ಅನ್ನಿಸುವುದಿಲ್ಲ.

ಈಗ ಕೇಳು. ಒಳಗೆ ಒಂದೊಂದು ಸ್ವರಕ್ಕೆ ಒಂದೊಂದು ಹಲ್ಲಿನ ಚಕ್ರ ಇದೆ, ಎಲ್ಲವನ್ನೂ ಒಂದೇ ಮೋಟಾರು ತಿರುಗಿಸುತ್ತದೆ. ಇಷ್ಟು ವರ್ಷ ನಿಂತ ಮೇಲೆ ಎಲ್ಲವೂ ಒಣಗಿ ಕಚ್ಚಿಕೊಂಡಿರುತ್ತವೆ. ಮೇಲ್ಗಡೆ ಚಿಕ್ಕ ಎಣ್ಣೆ ಬಟ್ಟಲುಗಳಿವೆಯಲ್ಲ, ಅವಕ್ಕೆ ನಾನು ಕಳಿಸುತ್ತಿರುವ ತೆಳು ಎಣ್ಣೆ ಹಾಕು. ಬಟ್ಟಲಿನಿಂದ ಹತ್ತಿಯ ದಾರಗಳು ಹೊರಟು ಪ್ರತಿ ಚಕ್ರದ ಬುಡಕ್ಕೂ ಹೋಗುತ್ತವೆ. ದಾರ ಎಣ್ಣೆ ಕುಡಿಯಬೇಕು, ಕುಡಿದು ಇಳಿಸಬೇಕು. ಅದಕ್ಕೆ ಒಂದು ವಾರ ಬೇಕು. ವಾರ ಅಂದರೆ ಲೋಕದ ವಾರ, ನಿನ್ನ ಲೆಕ್ಕದ್ದಲ್ಲ. ಭಾವ ತಮ್ಮ ಗ್ರೀಸ್ ಡಬ್ಬ ಹಿಡಿದು ಬಂದರೆ ಮೆಟ್ಟಿಲಲ್ಲೇ ತಡೆದು ನಿಲ್ಲಿಸು.

ಆಮೇಲೆ ಮೊದಲ ಸ್ವಿಚ್ ಒತ್ತಿ ಹಿಡಿ. ಚಕ್ರಗಳು ಓಟ ಹಿಡಿದ ಸದ್ದು ಬಂದ ಮೇಲೆಯೇ ಎರಡನೆಯದು. ನಿನಗೆ ನಾನೇನು ಹೇಳುವುದು. ನಮ್ಮ ಮನೆಯಲ್ಲಿ ಕಿವಿ ಅಂತ ಇದ್ದದ್ದು ನಿನಗೊಬ್ಬಳಿಗೇ. ನಾನು ತಿಂಗಳಿಡೀ ಹುಡುಕಿದ ದೋಷವನ್ನು ನೀನು ಬಾಗಿಲಲ್ಲಿ ನಿಂತೇ "ಎಡಗಡೆ ಮೂರನೇದು" ಅನ್ನುತ್ತಿದ್ದೆ.

ನಿನ್ನ ತಮ್ಮ

* * *

ಮಾರ್ಚ್ 10

ತಮ್ಮಾ,

ಪ್ಲಗ್ ಹಾಕಿದ್ದೆ. ಗುಂಯ್ ಅಂದು ಸುಟ್ಟ ವಾಸನೆ ಬಂತು, ತೆಗೆದೆ. ಅದರ ಬಗ್ಗೆ ಇನ್ನು ಮಾತು ಬೇಡ.

ಎಣ್ಣೆ ಹಾಕಿ ವಾರ ಕಾದೆ. ಕಾದೆ ಅಂದರೆ ದಿನಾ ಹೋಗಿ ಮೆಟ್ಟಿಲು ಹತ್ತಿ ಇಳಿದೆ. ಆ ವಾರದಲ್ಲಿ ಇಲಿಗೂಡು ತೆಗೆದೆ, ಮನೆಗಳನ್ನೆಲ್ಲ ಒರೆಸಿದೆ, ಬೆಂಚಿಗೆ ನಿಮ್ಮ ಭಾವ ಹೊಸ ಕಾಲು ಹಾಕಿದರು. ಗ್ರೀಸ್ ಡಬ್ಬ ತಂದಿದ್ದರು, ನಿನ್ನ ಕಾಗದ ತೋರಿಸಿದೆ, ವಾಪಸು ಚೀಲಕ್ಕೆ ಹಾಕಿಕೊಂಡರು. ಅವರೇ ದಿನಾ ಬೆಳಿಗ್ಗೆ ಮೋಟಾರಿನ ಕಂಬಿಯನ್ನು ಬೆರಳಲ್ಲಿ ಒಂದಿಷ್ಟು ತಿರುಗಿಸಿ ನೋಡುತ್ತಿದ್ದರು. ಮೊದಲ ದಿನ ಕದಲಲಿಲ್ಲ. ಆಮೇಲೆ ಕೂದಲೆಳೆಯಷ್ಟು. ಒಂದು ದಿನ ಸುಮ್ಮನೆ ತಿರುಗಿಬಿಟ್ಟಿತು, ಅವರ ಕೈ ಜಾರಿ ಗೆಣ್ಣು ತರಚಿತು.

ಸ್ವಿಚ್ ಒತ್ತಿದೆ. ಓಟ ಹಿಡಿಯಿತು ಕಣೋ. ಕಾಲಿನ ಕೊನೆಯ ಪೆಡಲ್ ಒತ್ತಿದೆ ನೋಡು, ಅಟ್ಟದ ಹಲಗೆ ನಡುಗಿ, ಮೇಲಿನ ಧೂಳೆಲ್ಲ ನಮ್ಮ ತಲೆಗೆ ಬಿತ್ತು. ಕೆಳಗೆ ಕೆಲಸದವರು ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದರು. ನನಗೆ ಅಳು ಬಂತು, ಅತ್ತೆ. ನಿಮ್ಮ ಭಾವ ಮೋಟಾರಿನ ಕಡೆ ತಿರುಗಿಕೊಂಡು ಏನೋ ಪರೀಕ್ಷೆ ಮಾಡುವವರ ಹಾಗೆ ನಿಂತರು.

ಆದರೆ ಒಂದು ತೊಂದರೆ. ಬಲಗಡೆಯ ಕೊನೆಯ ಹನ್ನೆರಡು ಮನೆ ಸತ್ತಿವೆ. ಅವಕ್ಕಿಂತ ಕೆಳಗಿನವು ನಾಲ್ಕೈದು ನೆಗಡಿ ಹಿಡಿದವರ ಹಾಗೆ ಮಂಕು. ಕೊನೆಯ ಹನ್ನೆರಡು ಒತ್ತಿದರೆ ಬೆರಳಿಗೆ ಟಕ್ ಅಂತ ತಾಗುತ್ತದೆ, ಅಷ್ಟೇ. ನಾನು ಕೊನೆಗೆ ನುಡಿಸುತ್ತಿದ್ದ ಆ ವೇಗದ ಕುಣಿತದ ಹಾಡು ನಿನಗೆ ನೆನಪಿರಬಹುದು, ಎಲ್ಲರೂ ಕೈ ಕೈ ಹಿಡಿದು ಸುತ್ತು ಹಾಕುವಾಗಿನದು. ಅದರ ಸೊಗಸೆಲ್ಲ ಆ ಹನ್ನೆರಡರಲ್ಲೇ ಇದೆ. ಅದಿಲ್ಲದೆ ನಾನು ಏನು ಮುಖ ಇಟ್ಟುಕೊಂಡು ಕೂರಲಿ.

ನಿನ್ನ ಅಕ್ಕ

ಮನೆಯ ಬಾಗಿಲ ಬೆಲ್ ಕೂಡ ಕೆಟ್ಟಿದೆ. ಹೊಸದು ಹಾಕಿಸಿದೆವು, ಅದೂ ಕೆಟ್ಟಿತು. ಈಗಿನ ಸಾಮಾನೇ ಹೀಗೆ. ಬಂದರೆ ಬಾಗಿಲು ಬಡಿ.

* * *

ಮಾರ್ಚ್ 19

ಅಕ್ಕಾ,

ಮೋಟಾರು ತಿರುಗಿತು ಅಂತ ಓದಿ ಲಿಫ್ಟಿನ ಗುಂಡಿಯಲ್ಲಿ ನಿಂತು ಶಿಳ್ಳೆ ಹಾಕಿದೆ. ಮೇಲಿದ್ದವನು ಅಪಾಯದ ಶಿಳ್ಳೆ ಅಂದುಕೊಂಡು ಕರೆಂಟು ತೆಗೆದ, ಅರ್ಧ ದಿನದ ಕೆಲಸ ಕೆಟ್ಟಿತು.

ಮೇಲಿನ ಸ್ವರಗಳು ಮಂಕಾಗುವುದು ಹಳೆಯ ರೋಗ. ಹಿಂದೆ ಸಾಲಾಗಿ ಮೇಣ ಹಚ್ಚಿದ ಚಿಕ್ಕ ಕೆಪಾಸಿಟರುಗಳಿವೆ, ವಯಸ್ಸಾದ ಹಾಗೆ ಅವು ಮೇಲಿನ ಸದ್ದನ್ನು ತಡೆಹಿಡಿಯುತ್ತವೆ. ಹೊಸವನ್ನು ಈ ಪೊಟ್ಟಣದಲ್ಲಿ ಕಳಿಸಿದ್ದೇನೆ. ಒಂದು ತೆಗೆ, ಅದೇ ಜಾಗಕ್ಕೆ ಒಂದು ಹಾಕು, ಬೆಸುಗೆ ಆರಿದ ಮೇಲೆ ಮುಂದಿನದು. ಎಲ್ಲ ಒಟ್ಟಿಗೆ ಕಿತ್ತು ರಾಶಿ ಹಾಕಬೇಡ. ಬೆಸುಗೆ ಭಾವನ ಕೈಗೆ ಕೊಡು, ನಿನ್ನ ಕೈಗೆ ತಾಳ್ಮೆ ಇಲ್ಲ. ಆಮೇಲೆ ಮನೆಗಳ ಮೇಲಿರುವ, ಎಳೆದಷ್ಟೂ ಸದ್ದು ಏರಿಸುವ ಆ ಕಡ್ಡಿಗಳನ್ನೆಲ್ಲ ಒಳಗೆ ಹೊರಗೆ ಹತ್ತಾರು ಸಲ ಎಳೆದಾಡು, ಕಿಲುಬು ಹೋಗುತ್ತದೆ.

ಇದರಿಂದ ಸರಿಹೋಗಲೇಬೇಕು.

ನಿನ್ನ ತಮ್ಮ

* * *

ಏಪ್ರಿಲ್ 14

ತಮ್ಮಾ,

ಸರಿಹೋಗಲಿಲ್ಲ.

ಕೆಪಾಸಿಟರು ಎಲ್ಲ ಹಾಕಿಯಾಯಿತು. ಬೆಸುಗೆ ನಿಮ್ಮ ಭಾವನದೇ, ತಗಡು ಕಾರ್ಖಾನೆಯ ಕೈ, ಒಂದೊಂದೂ ಮುತ್ತಿನ ಹಾಗಿದೆ. ಮಂಕಾಗಿದ್ದ ನಾಲ್ಕೈದು ಮನೆ ಸ್ವಲ್ಪ ಚೇತರಿಸಿಕೊಂಡವು. ಕೊನೆಯ ಹನ್ನೆರಡು ಮಾತ್ರ ಹಾಗೇ ಸತ್ತೇ ಇವೆ. ಕಡ್ಡಿಗಳನ್ನು ಎಳೆದಾಡಿದೆ. ತೀಕ್ಷ್ಣ ಸ್ವರದ ಕಡ್ಡಿಗಳನ್ನಂತೂ ಕೈಗೆ ಕಿತ್ತು ಬರುವಷ್ಟು ಎಳೆದು ಹಾಗೇ ಬಿಟ್ಟಿದ್ದೇನೆ. ಸದ್ದಿನ ಪೆಡಲನ್ನು ತಳಕ್ಕೆ ಒತ್ತಿದೆ. ಗೋಡೆಗೆ ಕಿವಿ ಕೊಟ್ಟ ಹಾಗೆ.

ಎಲ್ಲಕ್ಕಿಂತ ಸಿಟ್ಟು ಬಂದದ್ದು ನಿಮ್ಮ ಭಾವನ ಮೇಲೆ. ಅಷ್ಟೆಲ್ಲ ಒದ್ದಾಡಿ ನಾನು ಮನೆ ಒತ್ತಿದರೆ ಬೆಂಚಿನ ಪಕ್ಕ ಕೂತು "ಬರ್ತಾ ಇದೆಯಲ್ಲೇ" ಅನ್ನುತ್ತಾರೆ. "ಏನ್ರೀ ಬರ್ತಾ ಇದೆ?" ಅಂದೆ. "ಸದ್ದು. ಕಡ್ಡಿ ಸ್ವಲ್ಪ ಒಳಗಿಟ್ರೆ ಸಾಕಲ್ವಾ?" ಅಂದರು. ನನ್ನ ಸಮಾಧಾನಕ್ಕೆ ಹೇಳುತ್ತಾರೆ, ನನಗೆ ಗೊತ್ತಾಗುವುದಿಲ್ಲವೇ. ಜೀವಮಾನವೆಲ್ಲ ತಗಡು ಬಡಿದ ಕಿವಿ, ಮನೆಯಲ್ಲಿ ಟಿ.ವಿ. ಬೀದಿಗೆಲ್ಲ ಕೇಳುವಷ್ಟು ಇಟ್ಟುಕೊಳ್ಳುವ ಮನುಷ್ಯ, ನನಗೆ ಸ್ವರದ ಪಾಠ ಹೇಳುತ್ತಾರೆ. "ನಿಮ್ಮ ಕಿವಿ ಇಟ್ಕೊಂಡು ನನಗೆ ಬುದ್ಧಿ ಹೇಳ್ಬೇಡಿ" ಅಂದುಬಿಟ್ಟೆ. ಆಮೇಲೆ ನನಗೇ ಕೆಟ್ಟದೆನಿಸಿತು, ಆದರೆ ಹೇಳಲಿಲ್ಲ.

ಗಡುವಪ್ಪ ಮೇ ಹದಿನೇಳಕ್ಕೆ ಒಂದು ಸಲ ನುಡಿಸಿ ತೋರಿಸಿ ಅಂದಿದ್ದಾನೆ. ನನಗೆ ಊಟ ಸೇರುತ್ತಿಲ್ಲ. ಊಟದ ಮಧ್ಯೆ ಎದ್ದು ಅಟ್ಟಕ್ಕೆ ಹೋಗುತ್ತೇನೆ, ಅಲ್ಲಿಂದ ಸುಮ್ಮನೆ ಇಳಿದು ಬರುತ್ತೇನೆ. ಎಲ್ಲದಕ್ಕೂ ಏನೋ ಬಡಿದಿದೆ ಈ ವರ್ಷ. ಕಿಟಕಿಯ ಹಕ್ಕಿಗಳು ಬಂದು ಕೂರುತ್ತವೆ, ಕೊಕ್ಕು ಆಡಿಸುತ್ತವೆ, ದನಿ ತೆಗೆಯುವುದಿಲ್ಲ. ನೀನು ಸರಿಯಾಗಿ ಯೋಚನೆ ಮಾಡಿ ಬರೆ. ಕೈಬಿಡಬೇಡ.

ಅಕ್ಕ

* * *

ಏಪ್ರಿಲ್ 22

ಭಾವನವರಿಗೆ ನಮಸ್ಕಾರ.

ಇದು ನಿಮಗೊಬ್ಬರಿಗೇ. ಅಕ್ಕನಿಗೆ ಕಾಣದ ಹಾಗೆ ಇಡಿ ಅನ್ನಲು ನಾಚಿಕೆಯಾಗುತ್ತದೆ, ಆದರೂ ಅನ್ನುತ್ತಿದ್ದೇನೆ.

ಅವಳ ಕಾಗದವನ್ನು ಮೇಲಿಂದ ಮೇಲೆ ಓದಿದೆ. ಆರ್ಗನ್ನಿನಲ್ಲಿ ಹನ್ನೆರಡು ಸ್ವರ ಸಾಲಾಗಿ, ಒಂದು ಗೆರೆ ಎಳೆದ ಹಾಗೆ ಒಟ್ಟಿಗೆ ಸಾಯಲು ನನಗೆ ತಿಳಿದ ಯಾವ ಕಾರಣವೂ ಇಲ್ಲ. ಒಂದು ಸಾಯಬಹುದು, ಅಲ್ಲೊಂದು ಇಲ್ಲೊಂದು ಸಾಯಬಹುದು. ಅದೂ ಕೆಪಾಸಿಟರು ಹೊಸದು ಹಾಕಿದ ಮೇಲೆ. ಆಮೇಲೆ ಆ ಬೆಲ್ಲು, ಫೋನು, ದನಿ ತೆಗೆಯದ ಹಕ್ಕಿಗಳು. ಕೆಟ್ಟಿರುವುದು ಆರ್ಗನ್ ಅಲ್ಲ, ಅಕ್ಕನ ಕಿವಿ ಅಂತ ನನಗೆ ಅನುಮಾನ.

ನೀವು "ಬರ್ತಾ ಇದೆಯಲ್ಲೇ" ಅಂದಿರಂತೆ. ಸಮಾಧಾನಕ್ಕೆ ಅಂದಿರೋ, ನಿಜವಾಗಿ ನಿಮಗೆ ಕೇಳಿಸಿತೋ? ನೀವು ಕೆಳಗೆ ಹಾಲಿನಲ್ಲಿ ಅವಳಿಗೆ ಬೆನ್ನು ಹಾಕಿ ನಿಂತು, ಅವಳು ಮೇಲಿನ ಮನೆ ಒತ್ತಿದಾಗೆಲ್ಲ ಬೆರಳು ಮಡಚಿ ನೋಡಿ. ಉತ್ತರ ಬೇಗ ಬರೆಯಿರಿ.

ನಿಮ್ಮ ಮೈದುನ

* * *

ಏಪ್ರಿಲ್ 29

ಪ್ರಿಯ ಮೈದುನನಿಗೆ,

ನನಗೆ ಕಾಗದ ಬರೆದು ರೂಢಿ ಇಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಬೆನ್ನು ಹಾಕಿ ನಿಲ್ಲುವ ಅಗತ್ಯ ಇರಲಿಲ್ಲ. ಹನ್ನೆರಡೂ ಬರುತ್ತವೆ. ಬರುವುದಲ್ಲ, ಕೊರೆಯುತ್ತವೆ. ಅವಳು ಆ ಕಡ್ಡಿಗಳನ್ನು ಪೂರ್ತಿ ಎಳೆದು ಮೇಲೆ ಒತ್ತಿದರೆ ನನ್ನ ಹಲ್ಲಿನ ಬುಡ ಜುಮ್ಮೆನ್ನುತ್ತದೆ. ಆದರೂ ಪಕ್ಕದಲ್ಲೇ ಕೂತಿರುತ್ತೇನೆ. ಎದ್ದು ಹೋದರೆ ಯಾಕೆ ಅಂತ ಕೇಳುತ್ತಾಳೆ.

ನನಗೆ ಇದು ಹೊಸ ವಿಷಯ ಅಲ್ಲ. ಎರಡು ವರ್ಷದಿಂದ ಗೊತ್ತು. ಬೆಲ್ ಎರಡೂ ಚೆನ್ನಾಗಿಯೇ ಇವೆ. ಟಿ.ವಿ. ಜೋರಾಗಿ ಇಡುವುದು ನನಗಾಗಿ ಅಲ್ಲ, ಅವಳಿಗಾಗಿ. ಒಂದು ದಿನ ಅವಳು "ಈ ವಾರ್ತೆಯವರು ಮಾತು ನುಂಗ್ತಾರೆ" ಅಂದಾಗ ನಾನೇ ರಿಮೋಟ್ ತಗೊಂಡು "ನನಗೂ ಕೇಳ್ತಾ ಇಲ್ಲ" ಅಂತ ಜೋರು ಮಾಡಿದೆ. ಅಂದಿನಿಂದ ನಾನು ಕಿವುಡ. ನೆಂಟರಿಗೆಲ್ಲ ಹಾಗೇ ಹೇಳಿದ್ದಾಳೆ. ಬಂದವರು ನನ್ನ ಹತ್ತಿರ ಕೂಗಿ ಮಾತಾಡುತ್ತಾರೆ, ಹಾಗಾಗಿ ಅವಳಿಗೂ ಕೇಳಿಸುತ್ತದೆ. ಅನುಕೂಲವೇ ಆಯಿತು. ಮನೆಗೆ ಒಬ್ಬ ಕಿವುಡ ಸಾಕು, ಆ ಹೆಸರು ನನ್ನ ಹತ್ತಿರವೇ ಇರಲಿ ಅಂದುಕೊಂಡೆ.

ಆದರೆ ಆರ್ಗನ್ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಇದರಲ್ಲಿ ನನ್ನ ನಾಟಕ ನಡೆಯುವುದಿಲ್ಲ. ಅವಳಿಗೆ ಕಿವಿ ಅಂದರೆ ಬರೀ ಕಿವಿ ಅಲ್ಲ ಅಂತ ನಿನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ನಾನು ಮೆಟ್ಟಿಲು ಹತ್ತುವ ಸದ್ದಿನಲ್ಲೇ ಕಾರ್ಖಾನೆಯಲ್ಲಿ ಜಗಳ ಆಗಿದೆ ಅಂತ ಹೇಳುತ್ತಿದ್ದಳು.

ನಾನು ಹೇಳಿದರೆ ನಂಬುವುದಿಲ್ಲ, ಕಿವುಡನ ಮಾತು. ನೀನು ಮೆಕ್ಯಾನಿಕ್. ನೀನೇ ಹೇಳು. ಮೇ ಹದಿನೇಳರೊಳಗೆ ಹೇಳು.

ನಿನ್ನ ಭಾವ

* * *

ಮೇ 6

ಅಕ್ಕಾ,

ತುಂಬ ಯೋಚಿಸಿದೆ, ಇಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನೂ ಕೇಳಿದೆ. ಮೇಲಿನ ಚಕ್ರಗಳ ಪಕ್ಕ ಇರುವ ಅಯಸ್ಕಾಂತಗಳು ಸೋತಿರಬೇಕು. ವಯಸ್ಸಾದರೆ ಆ ತುದಿಯವೇ ಮೊದಲು ಸೋಲುತ್ತವಂತೆ. ಅದಕ್ಕೆ ಮದ್ದಿಲ್ಲ, ಹೊಸದು ಸಿಗುವುದೂ ಇಲ್ಲ. ಆ ಹನ್ನೆರಡನ್ನು ಬಿಟ್ಟುಬಿಡು. ಹಾಡನ್ನು ಎಡಕ್ಕೆ ಇಳಿಸಿ ನುಡಿಸು, ಯಾರಿಗೂ ಗೊತ್ತಾಗುವುದಿಲ್ಲ. ತೀಕ್ಷ್ಣ ಸ್ವರದ ಕಡ್ಡಿಗಳನ್ನು ಒಳಗೆ ತಳ್ಳಿಬಿಡು, ಹೇಗೂ ಅವುಗಳಿಂದ ಪ್ರಯೋಜನವಿಲ್ಲ.

ಊಟ ಮಾಡು. ತಲೆ ಕೆಡಿಸಿಕೊಳ್ಳಬೇಡ.

ನಿನ್ನ ತಮ್ಮ

* * *

ಮೇ 18

ತಮ್ಮಾ,

ನಿನ್ನೆ ನುಡಿಸಿದೆ.

ಏನೇನಾಯಿತು ಅಂತ ಸಾಲಾಗಿ ಹೇಳುತ್ತೇನೆ, ನಡುವೆ ಬಾಯಿ ಹಾಕಲು ನೀನು ಇಲ್ಲಿಲ್ಲ, ಒಳ್ಳೆಯದಾಯಿತು. ಗಡುವಪ್ಪ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ. ಟಿಕೆಟ್ ಕೊಡಲು ಸೇರಿಸಿಕೊಂಡ ಹೆಂಗಸು ಇದ್ದಳು. ಬಣ್ಣದವನು ಏಣಿ ಮೇಲೆ ಇದ್ದ. ನಿಮ್ಮ ಭಾವ ಅಟ್ಟದಲ್ಲಿ ನನ್ನ ಪಕ್ಕ, ಯಾವಾಗಲೂ ಕೂರುವ ಜಾಗದಲ್ಲಿ. ಮೊದಲು ನಿಧಾನದ ಎರಡು ಹಾಡು. ಗಡುವಪ್ಪ ಕಾಲು ಕುಣಿಸಿದ. ನೀನು ಹೇಳಿದ ಹಾಗೆ ಕೊನೆಯ ಹಾಡನ್ನು ಎಡಕ್ಕೆ ಇಳಿಸಿ ನುಡಿಸಬೇಕಿತ್ತು. ನನಗೆ ಮನಸ್ಸು ಬರಲಿಲ್ಲ. ಸದ್ದಿಲ್ಲದಿದ್ದರೆ ಇಲ್ಲ, ಬೆರಳು ತನ್ನ ದಾರಿಯಲ್ಲಿ ಹೋಗಲಿ ಅಂದುಕೊಂಡೆ. ಕಡ್ಡಿಗಳನ್ನು ಒಳಗೆ ತಳ್ಳಿರಲೂ ಇಲ್ಲ. ಸತ್ತದ್ದು ಹೊರಗಿದ್ದರೇನು, ಒಳಗಿದ್ದರೇನು.

ಬಲಗೈ ಮೇಲೆ ಹತ್ತಿತು. ಎದುರಿನ ಕನ್ನಡಿಯಲ್ಲಿ ಕೆಳಗಿನ ಹಾಲ್ ಕಾಣುತ್ತದಲ್ಲ, ಅದರಲ್ಲಿ ನೋಡಿದೆ. ಟಿಕೆಟ್ ಹೆಂಗಸು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಬಣ್ಣದವನ ಕುಂಚ ಕೆಳಗೆ ಬಿತ್ತು. ಗಡುವಪ್ಪ ಭುಜ ಕಿವಿಗೆ ತಾಗಿಸಿಕೊಂಡು ನಗುವ ಪ್ರಯತ್ನ ಮಾಡುತ್ತಿದ್ದ. ನಾನು ಕೈ ಕೆಳಗಿಳಿಸಿದೆ, ಅವರೂ ಕೈ ಇಳಿಸಿದರು. ಮತ್ತೆ ಮೇಲೆ ಹೋದೆ, ಮತ್ತೆ ಕಿವಿ ಮುಚ್ಚಿಕೊಂಡರು. ಮೂರು ಸಲ ಮಾಡಿದೆ ಕಣೋ. ಬುದ್ಧಿ ಇರುವವಳು ಒಂದು ಸಲಕ್ಕೆ ಅರ್ಥ ಮಾಡಿಕೊಳ್ಳಬೇಕಿತ್ತು. ಕೊನೆಯ ಸಲ ಮೇಲಿನ ಒಂದೇ ಮನೆಯನ್ನು ಒತ್ತಿ ಹಿಡಿದು ಕೂತೆ. ನನಗೆ ಏನೂ ಇಲ್ಲ. ಕೆಳಗೆ ಆ ಹೆಂಗಸು ಬಾಗಿಲ ಕಡೆ ಓಡಿದಳು.

ಆಮೇಲೆ ನಿಮ್ಮ ಭಾವನ ಕಡೆ ತಿರುಗಿದೆ. ಅವರೊಬ್ಬರೇ ಕಿವಿ ಮುಚ್ಚಿಕೊಂಡಿರಲಿಲ್ಲ. ಎರಡೂ ಕೈ ಮೊಣಕಾಲ ಮೇಲಿಟ್ಟು, ಉಗುರು ಬಿಳಿಚುವಷ್ಟು ಒತ್ತಿ ಹಿಡಿದು, ಹಲ್ಲು ಕಚ್ಚಿ, ನನ್ನನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಬಂದಿತ್ತು. ಕೇಳಿಸದ ಮನುಷ್ಯ ಹಾಗೆ ಕೂರುವುದಿಲ್ಲ.

ಸ್ವಿಚ್ ಆರಿಸಿದೆ. ಮನೆಗೆ ಬಂದು ಅವರನ್ನು ಹೊರಗೆ ನಿಲ್ಲಿಸಿ ಬೆಲ್ ಒತ್ತಿಸಿದೆ. ಒತ್ತಿದರು. ನಾನು ಬಾಗಿಲ ಒಳಗೆ, ಬೆಲ್ಲಿನ ಡಬ್ಬದ ಕೆಳಗೇ ನಿಂತಿದ್ದೆ. ಆಮೇಲೆ ಎಲ್ಲ ಬಾಯಿಬಿಟ್ಟರು, ನಿನ್ನ ಕಾಗದವನ್ನೂ ಕೊಟ್ಟರು.

ಎಷ್ಟು ದಿನ ಸಾಕುತ್ತಿದ್ದಿರಿ ನನ್ನನ್ನು ಹೀಗೆ? ಒಬ್ಬರು ಕಿವುಡನ ವೇಷ ಹಾಕುತ್ತಾರೆ, ಇನ್ನೊಬ್ಬ ಇಲ್ಲದ ಅಯಸ್ಕಾಂತ ತರುತ್ತಾನೆ. ಎರಡು ತಿಂಗಳು ಸರಿಯಾಗಿದ್ದ ಯಂತ್ರವನ್ನು ಬಿಚ್ಚಿ ಬಿಚ್ಚಿ ಹುಡುಕಿದ್ದೇನೆ. ಕಿವಿ ಹೋದದ್ದಕ್ಕೆ ಅಳು ಬರುತ್ತದೆ, ಅದು ಒಂದು ಕಡೆ ಇರಲಿ. ಈಗ ನಿಮ್ಮಿಬ್ಬರ ಬಾಯಿಂದ ಬಂದ ಯಾವ ಮಾತನ್ನು ನಂಬಲಿ ಅಂತ ನನಗೆ ಗೊತ್ತಾಗುತ್ತಿಲ್ಲ. ನುಡಿಸಿದ್ದು ಚೆನ್ನಾಗಿದೆ ಅಂದರೆ ನಂಬಬೇಕೇ? ನನ್ನ ಕಿವಿಯನ್ನೇ ನಂಬುವ ಹಾಗಿಲ್ಲ, ಇನ್ನು ನಿಮ್ಮನ್ನೂ ನಂಬದೆ ಆ ಬೆಂಚಿನ ಮೇಲೆ ಹೇಗೆ ಕೂರಲಿ?

ಗಡುವಪ್ಪ ಒಳ್ಳೆಯವನು. "ಕೊನೇ ಹಾಡು ಸ್ವಲ್ಪ ಜೋರಾಯ್ತು ಅಮ್ಮಾ" ಅಂದ, ಅಷ್ಟೇ. ನುಡಿಸುತ್ತೇನೋ ಇಲ್ಲವೋ ಅಂತ ತಿಂಗಳ ಕೊನೆಗೆ ಹೇಳುತ್ತೇನೆ ಅಂದಿದ್ದೇನೆ. ಇಲ್ಲ ಅನ್ನುವುದೇ ಸರಿ ಅನ್ನಿಸುತ್ತಿದೆ.

ಅಕ್ಕ

* * *

ಮೇ 24

ಅಕ್ಕಾ,

ಮಾಡಿದ್ದು ತಪ್ಪು. ಹೆದರಿದೆ, ಅದಕ್ಕೇ ಸುಳ್ಳು ಹೇಳಿದೆ. ಅದನ್ನು ಚೆಂದ ಮಾಡಿ ಬರೆಯಲು ಹೋಗುವುದಿಲ್ಲ.

ನನಗೆ ಗೊತ್ತಿರುವ ನಿಜ ಇಷ್ಟು. ನೀನು ಆ ಆರ್ಗನ್ನಿನ ರಿಪೇರಿ ಮುಗಿಸಿ ತಿಂಗಳ ಮೇಲಾಯಿತು. ಒಂದು ಮನೆಯೂ ಸತ್ತಿಲ್ಲ. ನನ್ನ ಕೈಯಿಂದಲೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ನಿನ್ನ ಕಿವಿಗೆ ಮೇಲಿನ ಸ್ವರಗಳು ಕೇಳುತ್ತಿಲ್ಲ. ಅಷ್ಟು ವರ್ಷ ಆರ್ಗನ್ನಿನ ಸ್ಪೀಕರ್ ಪೆಟ್ಟಿಗೆಯ ಪಕ್ಕ ಕೂತವರಿಗೆ ಹಾಗಾಗುವುದುಂಟು ಅಂತ ಈ ಆಸ್ಪತ್ರೆಯ ಕಿವಿಯ ಡಾಕ್ಟರು ಹೇಳಿದರು, ಅವರನ್ನು ಲಿಫ್ಟಿನಲ್ಲೇ ಹಿಡಿದು ಕೇಳಿದೆ. ಹೋದದ್ದು ವಾಪಸು ಬರುವುದಿಲ್ಲವಂತೆ. ಯಂತ್ರ ಹಾಕಿಕೊಂಡರೆ ಮಾತು ಸ್ಪಷ್ಟವಾಗಬಹುದಂತೆ. ಇದರಲ್ಲಿ ಯಾವುದನ್ನೂ ಸಿಹಿ ಮಾಡಿಲ್ಲ.

ನುಡಿಸು ಅಂತ ಹೇಳುವ ಹಕ್ಕು ನನಗಿಲ್ಲ. ನುಡಿಸದಿದ್ದರೆ ನನಗೆ ಸಂಕಟವಾಗುತ್ತದೆ ಅಂತ ಮಾತ್ರ ಹೇಳಬಲ್ಲೆ.

ನಿನ್ನ ತಮ್ಮ

* * *

ಜೂನ್ 8

ಪ್ರಿಯ ಮೈದುನನಿಗೆ,

ಈ ಸಲ ನಾನೇ ಬರೆಯಬೇಕು ಅಂತ ನಿನ್ನ ಅಕ್ಕನ ಅಪ್ಪಣೆ. "ಹೇಗಾಯ್ತು ಅಂತ ನನಗೇನು ಗೊತ್ತು, ಕೇಳಿದೋರು ನೀವು, ನೀವೇ ಬರೀರಿ" ಅಂದಳು.

ಮೇ ಕೊನೆಯ ದಿನದ ತನಕ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಮನೆಯೆಲ್ಲ ಸುತ್ತಿದಳು. ಕಿವಿಯ ಡಾಕ್ಟರ ಹತ್ತಿರ ಹೋಗಿ ಬಂದೆವು, ನೀನು ಬರೆದದ್ದನ್ನೇ ಹೇಳಿದರು. ಕಿವಿಗೆ ಹಾಕುವ ಯಂತ್ರ ಕೊಟ್ಟರು. ಹಾಕಿಕೊಂಡ ದಿನ ನಾನು ಚಪ್ಪಲಿ ಎಳೆದುಕೊಂಡು ನಡೆಯುತ್ತೇನೆ ಅಂತ ಬೈದಳು. ಆದರೆ ಅದನ್ನು ಹಾಕಿಕೊಂಡು ಆರ್ಗನ್ ನುಡಿಸಿದರೆ ಡಬ್ಬದೊಳಗೆ ಕಲ್ಲು ಕುಲುಕಿದ ಹಾಗಿದೆಯಂತೆ, ಬೆಂಚಿನ ಮೇಲೆ ಕೂರುವಾಗ ತೆಗೆದಿಡುತ್ತಾಳೆ. ಮೂವತ್ತೊಂದನೇ ತಾರೀಖು ಸಂಜೆ ಎದ್ದು ಚಪ್ಪಲಿ ಮೆಟ್ಟಿಕೊಂಡು "ಹೇಳಿ ಬರ್ತೀನಿ" ಅಂತ ಹೊರಟಳು. ಏನು ಹೇಳುತ್ತಾಳೆ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ. ವಾಪಸು ಬಂದವಳು "ಕಡ್ಡಿ ಎಷ್ಟು ಒಳಗಿರಬೇಕು, ಬಂದು ತೋರಿಸಿ" ಅಂದಳು.

ನಿನ್ನೆ ಹಾಲ್ ತುಂಬಿತ್ತು. ಎಷ್ಟೋ ಜನ ಹಳಬರು, ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ಆದರೂ ಬೂಟು ಕಟ್ಟಿಕೊಂಡರು. ನಾನು ಕಟಕಟೆ ಹಿಡಿದುಕೊಂಡು ಕೆಳಗೆ ನಿಂತಿದ್ದೆ, ಅಲ್ಲಿಂದ ಅವಳ ಕೈ ಕಾಣುತ್ತದೆ. ಮೊದಲ ಹಾಡುಗಳು ಸಲೀಸಾಗಿ ಹೋದವು. ಆಮೇಲೆ ಕೊನೆಯದು ಬಂತು. ಎಡಕ್ಕೆ ಇಳಿಸಲಿಲ್ಲ, ಅದರ ಜಾಗದಲ್ಲೇ ನುಡಿಸಿದಳು. ಎಲ್ಲರೂ ಕೈ ಕೈ ಹಿಡಿದು ಸುತ್ತು ಹೊಡೆಯುತ್ತಿದ್ದರು, ಹಲಗೆ ಗುಡುಗುತ್ತಿತ್ತು. ಅವಳ ಬಲಗೈ ಮೇಲೆ ಹತ್ತಿತು. ಅಲ್ಲಿಂದಾಚೆ ಅವಳಿಗೆ ಏನೂ ಕೇಳದು ಅಂತ ಆ ಹಾಲಿನಲ್ಲಿ ಗೊತ್ತಿದ್ದವನು ನಾನೊಬ್ಬ. ಆ ಹನ್ನೆರಡರಲ್ಲಿ ಓಡಿ, ತಿರುಗಿ, ಮತ್ತೆ ಓಡಿ, ಸರಿಯಾದ ತಾಳಕ್ಕೆ ಕೆಳಗೆ ಇಳಿದಳು. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಇನ್ನೊಂದು ಸಲ ಅಂತ ಕೂಗಿದರು, ಇನ್ನೊಂದು ಸಲ ನುಡಿಸಿದಳು.

ಜನ ಎಲ್ಲ ಹೋದ ಮೇಲೆ ಅಟ್ಟಕ್ಕೆ ಹೋದೆ. ಯಂತ್ರ ಕಿವಿಗೆ ಸಿಕ್ಕಿಸಿಕೊಂಡು, ನನ್ನ ಬಾಯಿಯನ್ನೇ ನೋಡುತ್ತ "ಹೇಗಿತ್ತು?" ಅಂದಳು. ಈ ಪ್ರಶ್ನೆಗೆ ಮದುವೆಯಾದಾಗಿನಿಂದ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ. ಅದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಕೊನೇ ಹಾಡಲ್ಲಿ, ಎರಡನೇ ಸಲ ಮೇಲೆ ಹೋದಾಗ, ಒಂದು ಮನೆ ತಪ್ಪಿದೆ" ಅಂದೆ.

"ಯಾವುದು?"

ನನಗೆ ಅವುಗಳ ಹೆಸರು ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಒಂದು ದಿನವೂ ಅದನ್ನು ಮುಟ್ಟಿದವನಲ್ಲ. ಅವಳು ಸರಿದು ಬೆಂಚಿನಲ್ಲಿ ಜಾಗ ಬಿಟ್ಟಳು. ಕೂತು ನನ್ನ ದಪ್ಪ ಬೆರಳಲ್ಲಿ ಒಂದೊಂದೇ ಒತ್ತುತ್ತ ಹೋದೆ. ಸಿಕ್ಕಿತು. "ನೀನು ಒತ್ತಿದ್ದು ಇದು. ಆಗ್ಬೇಕಾಗಿದ್ದು ಇದರ ಪಕ್ಕದ್ದು" ಅಂದೆ. ಅವಳು ನನ್ನ ಬೆರಳನ್ನು ನೋಡಿದಳು, ನನ್ನ ಮುಖ ನೋಡಿದಳು.

"ಮಿಕ್ಕಿದ್ದು?"

"ಮಿಕ್ಕಿದ್ದೆಲ್ಲ ಸರಿಯಾಗಿತ್ತು."

"ನಿಜವಾಗ್ಲೂ?"

"ನಿಜವಾಗ್ಲೂ."

ನಂಬಿದಳು. ಆ ಬೆಂಚಿನ ಮೇಲೆ, ನನ್ನ ಪಕ್ಕದಲ್ಲಿ, ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಕಾವಲಿನವನು ದೀಪ ಆರಿಸಬೇಕು ಅಂತ ಬಂದು ಕೇಳುವ ತನಕ ಏಳಲಿಲ್ಲ.

ನಿನ್ನ ಭಾವ